ಕಿಡಿಗೆ ಸುದ್ದಿ ಒಯ್ಯುವ ಕೊಳವೆ

ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದಾಗ ಕಾರ್ಖಾನೆಯವರು ಕೂರಿಸಿದ ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳ ಬದಲು ಒಂದು ವೆಬರ್ 45 ಡಿಸಿಒಇ ಕಂಡರೆ, ಹಾಗೇ ಡಿಸ್ಟ್ರಿಬ್ಯೂಟರ್ ಕಡೆಗೂ ಕಣ್ಣು ಹಾಯಿಸಿ. ಅದರ ಪಕ್ಕೆಗೆ ಅಂಟಿಕೊಂಡಂತೆ ಚಪ್ಪಟೆಯ ತಗಡಿನ ಡಬ್ಬಿಯೊಂದು ಇರುತ್ತದೆ. ಡಬ್ಬಿಯ ಮೂತಿಗೆ ಒಂದು ತೆಳ್ಳನೆಯ ಕೊಳವೆ ಸೇರಿರಬೇಕು. ಎಷ್ಟೋ ಕಾರುಗಳಲ್ಲಿ ಅದು ಸೇರಿರುವುದಿಲ್ಲ. ಮೂತಿಗೆ ರಬ್ಬರ್ ಟೋಪಿ ಹಾಕಿರುತ್ತಾರೆ, ಇಲ್ಲವೇ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಯಾಕೆಂದು ಕೇಳಿದರೆ ಉತ್ತರ ಸಿದ್ಧ: "ವೆಬರ್ ಹಾಕಿದ ಮೇಲೆ ಅದ್ಯಾಕೆ ಸಾರ್? ರೇಸ್ ಗಾಡೀಲಿ ವ್ಯಾಕ್ಯೂಮ್ ಅಡ್ವಾನ್ಸೇ ಇರಲ್ಲ."

ರೇಸ್ ಗಾಡಿಯ ವಿಷಯ ನಿಜ. ಆದರೆ ಪೇಟೆಗೂ ಊರಿಗೂ ಓಡುವ ಗಾಡಿಗೆ ಅದೇ ನ್ಯಾಯ ಸಲ್ಲುವುದಿಲ್ಲ. ಯಾಕೆ ಎಂಬುದು ತಿಳಿಯಬೇಕಾದರೆ ಸಿಲಿಂಡರಿನೊಳಗೆ ಉರಿ ಹೇಗೆ ಹಬ್ಬುತ್ತದೆ ಎಂಬಲ್ಲಿಂದ ಹೊರಡಬೇಕು.

ಪೆಟ್ರೋಲ್ ಎಂಜಿನ್ನಿನಲ್ಲಿ ನಡೆಯುವುದು ಸ್ಫೋಟ ಎಂದೇ ಹಲವರ ಎಣಿಕೆ. ಅಲ್ಲ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿದ ಮೇಲೆ ಜ್ವಾಲೆ ಅಲ್ಲಿಂದ ಆಚೆಯ ಗೋಡೆಯತ್ತ ಹರಿದುಕೊಂಡು ಹೋಗುತ್ತದೆ. ಅದಕ್ಕೆ ಎರಡು ಮೂರು ಮಿಲಿಸೆಕೆಂಡಾದರೂ ಬೇಕು. ನಮಗೆ ಅದು ಏನೂ ಅಲ್ಲ; ಆದರೆ ನಿಮಿಷಕ್ಕೆ 3000 ಸುತ್ತು ತಿರುಗುವ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿನಲ್ಲಿ 18 ಡಿಗ್ರಿ ತಿರುಗಿಬಿಡುತ್ತದೆ. ಉರಿಯ ಒತ್ತಡ ತುತ್ತತುದಿಗೆ ಏರಬೇಕಾದದ್ದು ಪಿಸ್ಟನ್ ಮೇಲ್ತುದಿ ಮುಟ್ಟಿ, ಸುಮಾರು 15 ಡಿಗ್ರಿಯಷ್ಟು ಕೆಳಗಿಳಿದ ಹೊತ್ತಿನಲ್ಲಿ. ಆಗ ಕನೆಕ್ಟಿಂಗ್ ರಾಡಿಗೆ ಹಿಡಿತ ಸಿಗುತ್ತದೆ, ನೂಕು ವ್ಯರ್ಥವಾಗುವುದಿಲ್ಲ. ಹಾಗಾಗಬೇಕಾದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. ಈ ಮುಂಗಡಕ್ಕೇ ಅಡ್ವಾನ್ಸ್ ಎನ್ನುವುದು. ಮುಂಗಡ ಅತಿಯಾದರೆ ಏರುವ ಪಿಸ್ಟನ್ನಿನ ತಲೆಯ ಮೇಲೇ ಒತ್ತಡ ಬಿದ್ದು ಎಂಜಿನ್ ಕಟಕಟ ಎನ್ನುತ್ತದೆ, ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವ ಆ ಸದ್ದು. ಕಡಿಮೆಯಾದರೆ ಪಿಸ್ಟನ್ ಅರ್ಧ ದಾರಿ ಇಳಿದರೂ ಉರಿ ಮುಗಿದಿರುವುದಿಲ್ಲ. ಉಳಿದ ಶಾಖ ಚಕ್ರಕ್ಕೆ ದಕ್ಕದೆ ಸೈಲೆನ್ಸರಿನ ದಾರಿ ಹಿಡಿಯುತ್ತದೆ.

ಮೋಟಾರು ಯುಗದ ಮೊದಲ ದಿನಗಳಲ್ಲಿ ಈ ಮುಂಗಡವನ್ನು ಚಾಲಕನೇ ಕೈಯಾರೆ ಕೊಡುತ್ತಿದ್ದ. 1908ರ ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟಿಯರಿಂಗಿನ ಎಡಕ್ಕೆ ಇದ್ದ ಸಣ್ಣ ಸನ್ನೆ ಕಿಡಿಯದು, ಬಲಕ್ಕಿದ್ದದ್ದು ಥ್ರಾಟಲಿನದು. ಆಮೇಲೆ ಈ ಕೆಲಸ ಡಿಸ್ಟ್ರಿಬ್ಯೂಟರಿನ ಒಳಗೆ ಸೇರಿತು. ಶಾಫ್ಟಿನ ಜೊತೆ ತಿರುಗುವ ಎರಡು ಪುಟ್ಟ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿ, ಸ್ಪ್ರಿಂಗ್ ಎಳೆದು, ಪಾಯಿಂಟ್ ತೆರೆಯುವ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಎಂಜಿಬಿಯ ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನಲ್ಲಿ ಒಂದು ಸ್ಪ್ರಿಂಗ್ ಮೊದಲಿನಿಂದಲೇ ಬಿಗಿಯಾಗಿದ್ದರೆ ಇನ್ನೊಂದರ ಕೊಂಡಿ ಉದ್ದ. ಅದು ತುಸು ತಡವಾಗಿ ಹಿಡಿಯುತ್ತದೆ. ಹಾಗಾಗಿ ಮುಂಗಡ ಮೊದಲು ಸರಸರನೆ ಏರಿ ಆಮೇಲೆ ನಿಧಾನಿಸುತ್ತದೆ. ಅದಕ್ಕೂ ಕಾರಣವಿದೆ: ವೇಗ ಏರಿದಂತೆ ಒಳಗಿನ ಗಾಳಿಯ ಸುಳಿಯೂ ಜೋರಾಗಿ ಜ್ವಾಲೆಯನ್ನು ಬೇಗ ಹಬ್ಬಿಸುತ್ತದೆ. 6000 ಸುತ್ತಿಗೆ ಮುಂಗಡ ದುಪ್ಪಟ್ಟಾಗಬೇಕಿಲ್ಲ. 32 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ ಸಾಕು.

ತೂಕಗಳಿಗೆ ಗೊತ್ತಾಗುವುದು ವೇಗ ಮಾತ್ರ. ಸಿಲಿಂಡರ್ ಎಷ್ಟು ತುಂಬಿದೆ ಎಂಬುದು ಅವಕ್ಕೆ ತಿಳಿಯದು.

ಮಾರ್ಚಿನ ಬಿಸಿಲಲ್ಲಿ ಒಣಗಿದ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದದ್ದನ್ನು ಕಂಡವರಿಗೆ ಗೊತ್ತು: ದಟ್ಟವಾಗಿ ಬೆಳೆದ ಕಡೆ ಉರಿ ಓಡುತ್ತದೆ, ಅಲ್ಲೊಂದು ಇಲ್ಲೊಂದು ತೆನೆ ನಿಂತ ಕಡೆ ಕುಂಟುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ಭರ್ತಿ, ಉರಿ ಓಡುತ್ತದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 70 ಕಿಲೋಮೀಟರಿನಲ್ಲಿ ಸಲೀಸಾಗಿ ಸಾಗುವಾಗ ಥ್ರಾಟಲ್ ಬರೀ ಬಿರುಕಿನಷ್ಟು ತೆರೆದಿರುತ್ತದೆ. ಒಳಗೆ ಬರುವ ಗಾಳಿ ಕಡಿಮೆ, ಹಿಂದಿನ ಸುತ್ತಿನ ಸುಟ್ಟ ಅನಿಲದ ಪಾಲು ಹೆಚ್ಚು, ಮೇಲಾಗಿ ಉಳಿತಾಯಕ್ಕೆಂದು ಪೆಟ್ರೋಲನ್ನೂ ತೆಳುಮಾಡಿ ಕೊಟ್ಟಿರುತ್ತದೆ. ಪೂರ್ತಿ ಒತ್ತಿದಾಗ ಒಂದು ಭಾಗ ಪೆಟ್ರೋಲಿಗೆ ಹನ್ನೆರಡೂವರೆ ಹದಿಮೂರು ಭಾಗ ಗಾಳಿ ಇದ್ದರೆ ಇಲ್ಲಿ ಹದಿನೈದರ ಮೇಲೆ. ಈ ಮೂರೂ ಸೇರಿ ಜ್ವಾಲೆಯನ್ನು ನಿಧಾನಗೊಳಿಸುತ್ತವೆ. ಅದೇ 3000 ಸುತ್ತಿನಲ್ಲಿ ಈಗ 32 ಡಿಗ್ರಿ ಸಾಲದು, 40ರಿಂದ 50 ಡಿಗ್ರಿ ಬೇಕು.

ಆ ಚಪ್ಪಟೆ ಡಬ್ಬಿ ಇರುವುದೇ ಈ ಕೊರತೆ ತುಂಬಲು. ಥ್ರಾಟಲ್ ಮುಚ್ಚಿದಷ್ಟೂ ಅದರ ಆಚೆ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಹೆಚ್ಚು. ಅದು ಕೊಳವೆಯ ಮೂಲಕ ಡಬ್ಬಿಯೊಳಗಿನ ರಬ್ಬರ್ ಪೊರೆಯನ್ನು ಎಳೆಯುತ್ತದೆ. ಪೊರೆಗೆ ಕಟ್ಟಿದ ಕಡ್ಡಿ ಪಾಯಿಂಟ್ ಕೂತ ತಟ್ಟೆಯನ್ನು ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಸರಿಸುತ್ತದೆ. ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಬೇಗ ಹಾರುತ್ತದೆ. ಆಕ್ಸಿಲರೇಟರ್ ತುಳಿದ ಕ್ಷಣ ನಿರ್ವಾತ ಇಲ್ಲವಾಗುತ್ತದೆ, ಸ್ಪ್ರಿಂಗ್ ತಟ್ಟೆಯನ್ನು ಹಿಂದಕ್ಕೆ ತಳ್ಳುತ್ತದೆ. ಒಂದು ಪೊರೆ, ಒಂದು ಸ್ಪ್ರಿಂಗ್, ಒಂದು ಕಡ್ಡಿ. ಇದನ್ನು ಯಾರು ಮೊದಲು ಯೋಚಿಸಿದರೋ, ಅವರ ತಲೆಗೆ ನಮಸ್ಕಾರ ಹೇಳಬೇಕು.

ಹಳೆಯ ಲ್ಯೂಕಾಸ್ ಡಬ್ಬಿಯ ಮೇಲೆ 5-13-10 ಎಂಬಂಥ ಮೂರು ಸಂಖ್ಯೆ ಕೊರೆದಿರುತ್ತದೆ. ಅದರ ಅರ್ಥ: 5 ಇಂಚು ಪಾದರಸದ ನಿರ್ವಾತಕ್ಕೆ ಪೊರೆ ಅಲುಗಲು ಶುರು, 13 ಇಂಚಿಗೆ ಪೂರ್ತಿ ಎಳೆತ, ಆಗ ಸಿಗುವುದು 10 ಡಿಗ್ರಿ. ಈ ಹತ್ತು ಡಿಸ್ಟ್ರಿಬ್ಯೂಟರಿನ ಲೆಕ್ಕ. ಅದರ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನ ಲೆಕ್ಕದಲ್ಲಿ ಇಪ್ಪತ್ತು. ಕಾರ್ಬ್ಯುರೇಟರ್ ಬದಲಿಸುವವರು ಓದಲೇಬೇಕಾದ ಸಂಖ್ಯೆಗಳಿವು, ಆದರೆ ಗ್ರೀಸ್ ಒರೆಸಿ ಓದುವವರು ಕಡಿಮೆ.

ಈಗ ರೇಸ್ ಗಾಡಿಯ ಮಾತಿಗೆ ಬರೋಣ. ರೇಸಿನಲ್ಲಿ ಕಾಲು ಒಂದೋ ಪೂರ್ತಿ ಕೆಳಗೆ, ಇಲ್ಲವೇ ಬ್ರೇಕಿನ ಮೇಲೆ. ನಿರ್ವಾತ ಸಿಗುವ ಹೊತ್ತಿನಲ್ಲಿ ಯಾರಿಗೂ ಶಕ್ತಿ ಬೇಕಿಲ್ಲ. ಮೇಲಾಗಿ, ಸರಿಯುವ ತಟ್ಟೆ ಸವೆದರೆ ಅಲ್ಲಾಡುತ್ತದೆ, ಪಾಯಿಂಟ್ ಗ್ಯಾಪ್ ಬದಲಾಗುತ್ತದೆ, 7000 ಸುತ್ತಿನಲ್ಲಿ ಅದು ತಲೆನೋವು. ಅದಕ್ಕೇ ಲ್ಯೂಕಾಸ್ ಕಂಪನಿ 23ಡಿ4 ಎಂಬ ಹೆಸರಿನಲ್ಲಿ ವ್ಯಾಕ್ಯೂಮ್ ಡಬ್ಬಿಯೇ ಇಲ್ಲದ ಡಿಸ್ಟ್ರಿಬ್ಯೂಟರನ್ನು ಮಾಡಿತು. ಮಿನಿ ಕೂಪರ್ ಎಸ್ ಕಾರಿಗೆ ಕೂರಿಸಿದ್ದು ಅದನ್ನೇ. ವೆಬರ್ ಹೊತ್ತ ಲೋಟಸ್ ಎಲಾನ್ ಕಾರಿಗೂ ಅದೇ. "ಕಂಪನಿಯವರೇ ತೆಗೆದುಹಾಕಿದ್ದಾರೆ ನೋಡಿ" ಎನ್ನುವವರು ಈ ಎರಡು ಹೆಸರನ್ನು ಹಿಡಿದುಕೊಂಡೇ ಬರುತ್ತಾರೆ. ಕೂಪರ್ ಎಸ್ ಹುಟ್ಟಿದ್ದೇ ಸ್ಪರ್ಧೆಗಾಗಿ. 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಜಾತಿ ಅದು. ಆಲ್ಪ್ಸ್ ಪರ್ವತದ ಹಿಮದ ತಿರುವುಗಳಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಬಂತೆಂದು ಲೆಕ್ಕ ಹಾಕಿದವರಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುವ ಗಾಡಿಯ ಅಗತ್ಯವೇ ಬೇರೆ.

ಆದರೂ ವೆಬರ್ ಹಾಕಿದವರು ಕೊಳವೆ ತೆಗೆಯುವುದು ಬರೀ ರೇಸಿನ ಹುಚ್ಚಿನಿಂದಲ್ಲ ಎಂಬುದನ್ನು ಒಪ್ಪಬೇಕು. ಡಿಸಿಒಇಯಲ್ಲಿ ಕೊಳವೆ ಸಿಕ್ಕಿಸಲು ಅನುಕೂಲವಾದ ಮೂತಿ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲೋ ಒಂದು ತೂತು ಕೊರೆದು ಸಿಕ್ಕಿಸಿದರೆ ಎಂಜಿನ್ ಐಡ್ಲಿಂಗಿನಲ್ಲಿ ಉಯ್ಯಾಲೆಯಾಡತೊಡಗುತ್ತದೆ. ಬೇಸತ್ತು ಕಿತ್ತುಹಾಕುತ್ತಾರೆ. ಅಡ್ವಾನ್ಸ್ ಬೇಕೋ ಬೇಡವೋ ಎಂಬುದಲ್ಲ ಇಲ್ಲಿನ ತೊಡಕು; ಸುದ್ದಿಯನ್ನು ಎಲ್ಲಿಂದ ತರುವುದು ಎಂಬುದು.

ಎಂಜಿಬಿಯ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಲದ್ದು. ನಮ್ಮ ಅಂಬಾಸಿಡರ್ ಕಾರನ್ನು ದಶಕಗಳ ಕಾಲ ಎಳೆದ 1489 ಸಿಸಿ ಎಂಜಿನ್ ಇದರ ಅಣ್ಣ. ಈ ಕುಲದ ಒಂದು ವಿಚಿತ್ರವೆಂದರೆ ನಾಲ್ಕು ಸಿಲಿಂಡರಿಗೆ ಗಾಳಿ ಬರುವ ಬಾಯಿ ಎರಡೇ. ಒಂದು ಮತ್ತು ಎರಡನೆಯ ಸಿಲಿಂಡರಿಗೆ ಒಂದು, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಕಿಡಿ ಹಾರುವ ಸರದಿ 1-3-4-2. ಉಸಿರೆಳೆಯುವ ಸರದಿಯೂ ಅದೇ ಆದ್ದರಿಂದ ಎರಡನೆಯದರ ಬೆನ್ನಿಗೇ ಒಂದನೆಯದು, ಮೂರರ ಬೆನ್ನಿಗೇ ನಾಲ್ಕು ಎಳೆಯುತ್ತದೆ. ಅಂದರೆ ಒಂದೊಂದು ಬಾಯಿಗೂ ಹೆಚ್ಚುಕಡಿಮೆ ಕ್ರ್ಯಾಂಕಿನ ಒಂದು ಸುತ್ತು ಪೂರ್ತಿ ಎಳೆತ, ಮುಂದಿನ ಸುತ್ತು ಬಿಡುವು. ವೆಬರ್ 45ಕ್ಕೆ ಎರಡು ಗಂಟಲು; ಒಂದೊಂದು ಗಂಟಲು ಒಂದೊಂದು ಬಾಯಿಗೆ ನೇರ ಜೋಡಣೆ. ಒಂದು ಗಂಟಲಿಗೆ ತೂತು ಕೊರೆದು ಗೇಜ್ ಹಚ್ಚಿದರೆ ಮುಳ್ಳು ನಡುಗುತ್ತದೆ. ಎಳೆತದ ಸುತ್ತಿನಲ್ಲಿ ನಿರ್ವಾತ ಧುಮ್ಮೆಂದು ಏರುತ್ತದೆ, ಬಿಡುವಿನ ಸುತ್ತಿನಲ್ಲಿ ಥ್ರಾಟಲಿನ ಸಂದಿನಿಂದ ನುಸುಳಿದ ಗಾಳಿ ಅದನ್ನು ತುಂಬಿಬಿಡುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗಿನಲ್ಲಿ ಇದು ಸೆಕೆಂಡಿಗೆ ಆರೇಳು ಬಾರಿ ನಡೆಯುತ್ತದೆ. ಆ ನಿಧಾನಕ್ಕೆ ಡಬ್ಬಿಯ ಪೊರೆ ತಾಳ ಹಾಕಬಲ್ಲದು. ಪೊರೆಯ ಹಿಂದೆ ತಟ್ಟೆ, ತಟ್ಟೆಯ ಹಿಂದೆ ಕಿಡಿ. ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಮೇಲಿನ ಗೆರೆ ನೋಡಿದರೆ ಅದು ಒಂದೆಡೆ ನಿಲ್ಲದೆ ತತ್ತರಿಸುತ್ತಿರುತ್ತದೆ.

ಅಮೆರಿಕದ ವಿ8 ಎಂಜಿನ್ನಿನ ಮೇಲೆ ಹಾಲಿ ಎಂಬ ಕಂಪನಿಯ ಕಾರ್ಬ್ಯುರೇಟರ್ ಕೂರಿಸುವವರಿಗೆ ಈ ಗೋಳು ಗೊತ್ತಿಲ್ಲ. ಅಲ್ಲಿ ಸಾಮಾನ್ಯ ಮ್ಯಾನಿಫೋಲ್ಡಿನಲ್ಲಿ ನಾಲ್ಕು ನಾಲ್ಕು ಸಿಲಿಂಡರ್ ಒಂದೇ ಕೊಠಡಿಯಿಂದ ಎಳೆಯುತ್ತವೆ, ಒಂದರ ಬಿಡುವನ್ನು ಇನ್ನೊಂದು ತುಂಬುತ್ತದೆ.

ಬಿ-ಸೀರೀಸಿಗೂ ಅಂಥ ಕೊಠಡಿಯೊಂದನ್ನು ಪುಟ್ಟದಾಗಿ ಕಟ್ಟಿಕೊಡುವುದೇ ಪರಿಹಾರ. ಮ್ಯಾನಿಫೋಲ್ಡಿನ ಎರಡೂ ದಾರಿಗೆ, ಥ್ರಾಟಲಿನಿಂದ ಎಂಜಿನ್ ಕಡೆಗೆ, ಒಂದೊಂದು ಹಿತ್ತಾಳೆಯ ಮೂತಿ. ಎರಡರಿಂದಲೂ ಸಣ್ಣ ಕೊಳವೆ ತಂದು ಬೆರಳುದ್ದದ ಒಂದು ಮುಚ್ಚಿದ ನಳಿಗೆಗೆ ಸೇರಿಸಬೇಕು. ನಳಿಗೆಯಿಂದ ಒಂದೇ ಕೊಳವೆ ಡಿಸ್ಟ್ರಿಬ್ಯೂಟರಿಗೆ. ಒಂದು ಬಾಯಿ ಬಿಡುವಿನಲ್ಲಿದ್ದಾಗ ಇನ್ನೊಂದು ಎಳೆಯುತ್ತಿರುತ್ತದೆ, ಸುದ್ದಿ ಕಡಿಯುವುದಿಲ್ಲ. ಒಂದೊಂದು ಕವಲಿನ ಒಳಗೂ ಒಂದು ಮಿಲಿಮೀಟರಿನಷ್ಟು ತೂತಿರುವ ತಡೆ ಕೂರಿಸುವುದನ್ನು ಮರೆಯಬಾರದು. ಅದಿಲ್ಲದಿದ್ದರೆ ಒಂದು ಗಂಟಲು ಇನ್ನೊಂದರ ಮಿಶ್ರಣವನ್ನು ಕದಿಯುತ್ತದೆ, ಬಡಿತವೂ ಹಾಗೇ ಉಳಿಯುತ್ತದೆ. ಒಂದೊಂದು ಸಿಲಿಂಡರಿಗೂ ಪ್ರತ್ಯೇಕ ಗಂಟಲಿರುವ ಎಂಜಿನ್ನಾದರೆ ಕೊಳವೆ ನಾಲ್ಕು, ಉಪಾಯ ಅದೇ.

ಇಲ್ಲೊಂದು ಅಡ್ಡದಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬ್ರೇಕ್ ಬೂಸ್ಟರಿಗೆ ಹೇಗೂ ಮ್ಯಾನಿಫೋಲ್ಡಿನಿಂದ ದಪ್ಪ ಕೊಳವೆ ಹೋಗಿರುತ್ತದೆ, ಅದರಿಂದಲೇ ಒಂದು ಕವಲು ತೆಗೆದರಾಯಿತಲ್ಲ ಎಂದು. ಬೂಸ್ಟರಿನ ಬಳಿ ಒಂದು ಏಕಮುಖ ವಾಲ್ವ್ ಇರುತ್ತದೆ. ಎಂಜಿನ್ ನಿಂತರೂ ಬ್ರೇಕಿಗೆ ಒಂದೆರಡು ಬಾರಿ ನೆರವು ಸಿಗಲೆಂದು ನಿರ್ವಾತವನ್ನು ಕೂಡಿಡುವುದು ಅದರ ಕೆಲಸ. ಆ ವಾಲ್ವಿನ ಆಚೆಯಿಂದ ಕವಲು ತೆಗೆದರೆ ಮುಳ್ಳು ಬಲು ಸ್ಥಿರವಾಗಿ ನಿಲ್ಲುತ್ತದೆ, ನೋಡಿದವರು ಹಿಗ್ಗುತ್ತಾರೆ. ಆದರೆ ಆಕ್ಸಿಲರೇಟರ್ ತುಳಿದಾಗ ಇಳಿಯಬೇಕಾದ ನಿರ್ವಾತ ಇಳಿಯುವುದೇ ಇಲ್ಲ. ಭರ್ತಿ ಸಿಲಿಂಡರಿಗೆ 50 ಡಿಗ್ರಿ ಮುಂಗಡ! ಘಾಟಿಯ ಒಂದು ಏರಿನಲ್ಲಿ ಪಿಸ್ಟನ್ನಿನ ತಲೆ ತೂತಾಗಲು ಇಷ್ಟು ಸಾಕು.

ಇನ್ನು ಮೂತಿ ಥ್ರಾಟಲಿನ ಯಾವ ಬದಿಗಿರಬೇಕು ಎಂಬ ಹಳೆಯ ಜಗಳ. ಎಸ್‌ಯು ಕಾರ್ಬ್ಯುರೇಟರಿನಲ್ಲಿ ಬಟರ್‌ಫ್ಲೈ ಎಂಬ ಥ್ರಾಟಲ್ ತಟ್ಟೆಯ ಅಂಚಿಗೆ ತಾಗಿದಂತೆ ಒಂದು ಸೂಜಿತೂತು ಇರುತ್ತದೆ. ಬಟರ್‌ಫ್ಲೈ ಮುಚ್ಚಿದ್ದಾಗ ತೂತು ಹೊರಗಾಳಿಯ ಕಡೆಗೆ, ನಿರ್ವಾತ ಇಲ್ಲ. ತುಸು ತೆರೆದೊಡನೆ ಅಂಚು ತೂತನ್ನು ದಾಟಿ ಅದು ಎಂಜಿನ್ ಕಡೆಗೆ ಸೇರುತ್ತದೆ. ಐಡ್ಲಿಂಗ್ ಒಂದನ್ನು ಬಿಟ್ಟರೆ ಉಳಿದೆಲ್ಲ ಹೊತ್ತಿನಲ್ಲೂ ಇದಕ್ಕೂ ಮ್ಯಾನಿಫೋಲ್ಡ್ ಮೂತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತೂತಿನ ನಿರ್ವಾತ ವೇಗದ ಜೊತೆಗೆ ಏರುತ್ತದೆ ಎಂದು ಕೆಲವರು ವಾದಿಸುವುದು ಸುಳ್ಳು. ಐಡ್ಲಿಂಗಿನಲ್ಲಿ ಮಾತ್ರ ಆಯ್ಕೆಗೆ ಅರ್ಥವಿದೆ. ಮ್ಯಾನಿಫೋಲ್ಡ್ ಮೂತಿಯಿಂದ ಮುಂಗಡ ಸಿಕ್ಕರೆ ಎಂಜಿನ್ ತಂಪಾಗಿ ಗುನುಗುತ್ತದೆ, ಟ್ರಾಫಿಕ್ಕಿನಲ್ಲಿ ಟೆಂಪರೇಚರ್ ಮುಳ್ಳು ಏರುವುದು ತಡವಾಗುತ್ತದೆ. ಆದರೆ ರೇಸಿನ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನ್ನಿನಲ್ಲಿ ಎರಡೂ ವಾಲ್ವ್ ಏಕಕಾಲಕ್ಕೆ ತೆರೆದಿರುವ ಹೊತ್ತು ಹೆಚ್ಚು. ಐಡ್ಲಿಂಗ್ ನಿರ್ವಾತ 18 ಇಂಚಿನಿಂದ ಹತ್ತಕ್ಕೆ ಕುಸಿದು ಅಲ್ಲೂ ನಿಲ್ಲದೆ ಹೊಯ್ದಾಡುತ್ತದೆ. 5-13-10ರ ಡಬ್ಬಿಗೆ ಹತ್ತು ಇಂಚು ಎಂದರೆ ಎಳೆತದ ನಟ್ಟನಡುವೆ. ನಿರ್ವಾತ ಒಂದಿಂಚು ಬಿದ್ದರೆ ಮುಂಗಡ ಎರಡೂವರೆ ಡಿಗ್ರಿ ಬೀಳುತ್ತದೆ, ಮುಂಗಡ ಬಿದ್ದರೆ ವೇಗ ಬೀಳುತ್ತದೆ, ವೇಗ ಬಿದ್ದರೆ ನಿರ್ವಾತ ಇನ್ನಷ್ಟು. ಉಯ್ಯಾಲೆಯ ಮೂಲ ಇಲ್ಲಿದೆ. ಅಂಥ ಎಂಜಿನ್ನಿಗೆ ಅಂಚಿನ ತೂತೇ ವಾಸಿ. ವೆಬರಿನಲ್ಲಿ ಅಂಥ ತೂತಿಲ್ಲವಾದರೆ, ಏಳೆಂಟು ಇಂಚಿಗೇ ಪೂರ್ತಿ ಎಳೆದು ಸುಮ್ಮನಾಗುವ ಮೆದು ಸ್ಪ್ರಿಂಗಿನ ಡಬ್ಬಿ ಹುಡುಕಬೇಕು. ಬಡಿತದ ನಿರ್ವಾತದ ಸರಾಸರಿ ಹೇಗೂ ಕಡಿಮೆಯಾದ್ದರಿಂದ ವೆಬರ್ ಗಾಡಿಗೆ ಮೆದು ಡಬ್ಬಿಯೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣದ, ನಮ್ಮ ಕಡೆಗೆ ಮುಖ್ಯವಾದ ಒಂದು ಸಂಗತಿಯುಂಟು. ಡಬ್ಬಿಯ ಪೊರೆಯ ಒಂದು ಬದಿಗೆ ಮ್ಯಾನಿಫೋಲ್ಡ್, ಇನ್ನೊಂದು ಬದಿಗೆ ಹೊರಗಿನ ಗಾಳಿ. ಅದು ಅಳೆಯುವುದು ಇವೆರಡರ ಅಂತರವನ್ನು. ಸಿಲಿಂಡರಿಗೆ ನಿಜಕ್ಕೂ ಎಷ್ಟು ಗಾಳಿ ಹೋಯಿತು ಎಂಬುದನ್ನಲ್ಲ. ಮಂಗಳೂರಿನ ಸಮುದ್ರ ಮಟ್ಟದಲ್ಲಿ ಹೊರಗಾಳಿಯ ಒತ್ತಡ 30 ಇಂಚು ಪಾದರಸ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 27ರ ಸಮೀಪ. ಮ್ಯಾನಿಫೋಲ್ಡಿನೊಳಗೆ 15 ಇಂಚು ಉಳಿದಿದೆ ಎನ್ನಿ. ಕೆಳಗೆ ಗೇಜ್ 15 ತೋರಿದರೆ ಇಲ್ಲಿ 12 ತೋರುತ್ತದೆ. ಒಳಗಿನ ಗಾಳಿ ಅಷ್ಟೇ, ಜ್ವಾಲೆಯ ನಡಿಗೆಯೂ ಅಷ್ಟೇ, ಆದರೆ ಡಬ್ಬಿ ಕೊಡುವ ಮುಂಗಡ ಕ್ರ್ಯಾಂಕಿನ ಲೆಕ್ಕದಲ್ಲಿ ಎರಡೂವರೆ ಡಿಗ್ರಿ ಕಡಿಮೆ. 2240 ಮೀಟರ್ ಎತ್ತರದ ಊಟಿಗೆ ಹತ್ತಿದರೆ ಇದೇ ಲೆಕ್ಕದಲ್ಲಿ ಹನ್ನೆರಡು ಡಿಗ್ರಿಗೂ ಮಿಕ್ಕಿ ಖೋತಾ. ಎತ್ತರದ ತೆಳುಗಾಳಿಯಲ್ಲಿ ನಾಕಿಂಗ್ ಭಯವೂ ಕಡಿಮೆಯಾದ್ದರಿಂದ ಡಿಸ್ಟ್ರಿಬ್ಯೂಟರನ್ನೇ ಎರಡು ಡಿಗ್ರಿ ಮುಂದಕ್ಕೆ ತಿರುಗಿಸಿಕೊಳ್ಳಬಹುದು. 25ಡಿ4ರಲ್ಲಿ ಅದಕ್ಕೆಂದೇ ಗರಗಸದಂಚಿನ ಪುಟ್ಟ ತಿರುಪು ಇದೆ. ಎ ಎಂದರೆ ಮುಂದಕ್ಕೆ, ಆರ್ ಎಂದರೆ ಹಿಂದಕ್ಕೆ. ಘಾಟಿ ಇಳಿಯುವ ಮುಂಚೆ ಮರಳಿ ತಿರುಗಿಸಬೇಕಷ್ಟೆ.

ಡಬ್ಬಿ ಬದುಕಿದೆಯೋ ಇಲ್ಲವೋ ತಿಳಿಯಲು ಉಪಕರಣ ಬೇಕಿಲ್ಲ. ಕ್ಯಾಪ್ ಬಿಚ್ಚಿ, ಕೊಳವೆಯ ತುದಿಯನ್ನು ಒರೆಸಿ, ಬಾಯಿಗಿಟ್ಟು ಜೋರಾಗಿ ಹೀರಬೇಕು. ಪಾಯಿಂಟ್ ತಟ್ಟೆ ಸರಕ್ಕನೆ ಸರಿಯಬೇಕು. ಹೀರಿದ ಕೂಡಲೇ ತುದಿಗೆ ನಾಲಿಗೆ ಒತ್ತಿದರೆ ಅದು ಹಿಡಿದುಕೊಂಡಿರಬೇಕು. ತಟ್ಟೆ ಮೆಲ್ಲನೆ ಹಿಂದೆ ಜಾರಿದರೆ ಪೊರೆ ಹರಿದಿದೆ. ಹರಿದ ಪೊರೆ ಬರೀ ಕೆಲಸ ಮಾಡದೆ ಕೂರುವುದಿಲ್ಲ, ಮ್ಯಾನಿಫೋಲ್ಡಿಗೆ ಕಳ್ಳಗಾಳಿಯನ್ನೂ ಬಿಡುತ್ತದೆ. ಐಡ್ಲಿಂಗ್ ಸರಿಹೋಗದೆ ಜೆಟ್ ಮೇಲೆ ಜೆಟ್ ಬದಲಿಸಿ ಸೋತವರ ಗಾಡಿಯಲ್ಲಿ ಇದೇ ರೋಗ ಇರುವುದುಂಟು. ಟೈಮಿಂಗ್ ಕೂರಿಸುವಾಗ ಕೊಳವೆ ಬಿಚ್ಚಿ ತುದಿ ಮುಚ್ಚಬೇಕು. ಮೊದಲು ತೂಕಗಳ ಮುಂಗಡ ಸರಿಯಾಗಬೇಕು, ಡಬ್ಬಿಯದು ಆಮೇಲೆ.

ಎಲ್ಲ ಕೂಡಿಬಂದ ಮೇಲೆ ಕೊನೆಗೊಂದು ಲಾಭವಿದೆ. ಡಿಸಿಒಇ ಸಾಧಾರಣ ಓಟದಲ್ಲಿ, 2500–3000 ಸುತ್ತಿನ ತನಕ, ಮೇನ್ ಜೆಟ್ಟಿನಿಂದ ಕುಡಿಯುವುದು ಅಷ್ಟಕ್ಕಷ್ಟೆ; ಬಹುಪಾಲು ಐಡಲ್ ಜೆಟ್ಟಿನಿಂದಲೇ. ಮುಂಗಡ ಸಾಲದೆ ಎಂಜಿನ್ ತಡವರಿಸಿದಾಗ ಟ್ಯೂನ್ ಮಾಡುವವರು ದೊಡ್ಡ ಐಡಲ್ ಜೆಟ್ ಹಾಕಿ ಮಿಶ್ರಣವನ್ನು ಗಟ್ಟಿಮಾಡುತ್ತಾರೆ, ಯಾಕೆಂದರೆ ಗಟ್ಟಿ ಮಿಶ್ರಣ ಬೇಗ ಉರಿಯುತ್ತದೆ. ತಡವರಿಕೆ ಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ವೆಬರ್ ಎಂದರೆ ಪೆಟ್ರೋಲ್ ಕುಡುಕ ಎಂಬ ಹೆಸರೂ ಬರುತ್ತದೆ. ಕೊಳವೆ ಜೋಡಿಸಿದ ಮೇಲೆ 55ಎಫ್8 ಜೆಟ್ ಬಿಚ್ಚಿ 50ಎಫ್8 ಹಾಕಿ ನೋಡಬಹುದು. ಮೊದಲ ಸಂಖ್ಯೆ ಪೆಟ್ರೋಲ್ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 55ರಿಂದ 50ಕ್ಕೆ ಇಳಿದರೆ ತೂತಿನ ವಿಸ್ತೀರ್ಣ ಶೇಕಡ 17ರಷ್ಟು ಕುಗ್ಗುತ್ತದೆ. ಹಾಗೆ ಮಾಡಿಯೂ ಎಂಜಿನ್ ತಡವರಿಸದಿದ್ದರೆ ಡಬ್ಬಿ ತನ್ನ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು.

ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರು ನೆದರ್‌ಲ್ಯಾಂಡ್ಸಿನ 123 ಇಗ್ನಿಷನ್‌ನಂಥ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರಿಗೆ ಹೋಗುತ್ತಾರೆ. ತೂಕಗಳಿಲ್ಲ, ಸ್ಪ್ರಿಂಗಿಲ್ಲ, ಪಾಯಿಂಟಿಲ್ಲ; ಯಾವ ವೇಗಕ್ಕೆ ಎಷ್ಟು ಡಿಗ್ರಿ, ಯಾವ ನಿರ್ವಾತಕ್ಕೆ ಎಷ್ಟು ಎಂದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಬರೆದುಕೊಡಬಹುದಾದ ಮಾದರಿಗಳೂ ಇವೆ. ಆದರೆ ಅಂಥದ್ದರ ಪಕ್ಕೆಯಲ್ಲೂ ಒಂದು ಮೂತಿ ಇರುತ್ತದೆ. ಅದಕ್ಕೂ ಕೊಳವೆ ಹಚ್ಚಬೇಕು, ಎರಡು ಗಂಟಲಿನಿಂದಲೂ ಸುದ್ದಿ ತರಬೇಕು, ಕವಲಿನಲ್ಲಿ ಒಂದು ಮಿಲಿಮೀಟರಿನ ತಡೆ ಕೂರಿಸಬೇಕು.